ಬೋಲ್ಟು ಬಿಗಿಯಾಗದೆ ತಿರುಗುತ್ತಲೇ ಇದ್ದರೆ: ಡರ್ಟ್ ಬೈಕಿನ ಥ್ರೆಡ್ ದೋಷ ಪತ್ತೆ ಮತ್ತು ರಿಪೇರಿ

ಥ್ರೆಡ್, ಅಂದರೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಏಣು, ಹೋಗುವುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಬೋಲ್ಟು ಬಿಗಿಯಾಗುತ್ತಾ ಬರುತ್ತದೆ. ಇನ್ನೊಂದು ಚೂರು ಇರಲಿ ಅಂತ ಸ್ಪಾನರ್ ಎಳೆಯುತ್ತೀರಿ. ಆಗ ಒಮ್ಮೆಗೇ ಮೆತ್ತಗಾಗುತ್ತದೆ, ಕಳಿತ ಬಾಳೆಹಣ್ಣಿಗೆ ಬೆರಳು ಒತ್ತಿದ ಹಾಗೆ. ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟೇ, ತಿರುಗುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿದ ಹಾಗಾಗುತ್ತದಲ್ವಾ, ಆ ಕ್ಷಣ ಬೈಕು ಬಿಚ್ಚುವ ಎಲ್ಲರಿಗೂ ಗೊತ್ತು.

ನನಗೆ ಅದು ಆಗಿದ್ದು ಕಳೆದ ನವೆಂಬರಿನಲ್ಲಿ, ಆಲ್ದೂರಿನ ಹತ್ತಿರ ನಮ್ಮ ಮನೆ ಕಣದಲ್ಲಿ. ಮಳೆ ನಿಂತಿತ್ತು, ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ನಾಲ್ಕು ತಿಂಗಳು ಕೆಸರಲ್ಲೇ ಓಡಿದ 200 ಸಿಸಿ ಬೈಕಿಗೆ ಆಯಿಲ್ ಬದಲಾಯಿಸೋಣ ಅಂತ ಕೂತಿದ್ದೆ. ಹಿಂದಿನ ಸಲ ಪೇಟೆಯಲ್ಲಿ ಒಂದು ಕಡೆ ಬಿಟ್ಟಿದ್ದೆ. ಅಲ್ಲಿನ ಹುಡುಗ ಉದ್ದ ಹಿಡಿಯ ರ‍್ಯಾಚೆಟ್ ಹಾಕಿ, ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು ಎಳೆದದ್ದು ನನ್ನ ಕಣ್ಣೆದುರೇ. ಆಗ ಸುಮ್ನೆ ಇದ್ದೆ. ಅವನೊಬ್ಬನದೇ ತಪ್ಪು ಅಂತಲೂ ಹೇಳಲಾರೆ. ಅದಾದ ಮೇಲೆ ಬೈಕಿನ ಅಡಿ ಕಣದ ಸಿಮೆಂಟಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ ದಿನಾ ಬೆಳಿಗ್ಗೆ ಕಾಣುತ್ತಿತ್ತು. ವಾಷರ್ ಹೋಗಿರಬೇಕು ಅಂತ ಎರಡು ಸಲ ವಾಷರ್ ಬದಲಾಯಿಸಿದೆ. ಪ್ರತಿ ಸಲವೂ ಸೋರದೇ ಇರಲಿ ಅಂತ ಒಂಚೂರು ಜಾಸ್ತಿ ಬಿಗಿದೆ. ಮೂರನೇ ಸಲಕ್ಕೆ ಬೋಲ್ಟು ಬಿಚ್ಚಿದಾಗ ಅದರ ಸುತ್ತ ಬೆಳ್ಳಿ ದಾರ ಸುತ್ತಿದ ಹಾಗೆ ಅಲ್ಯೂಮಿನಿಯಂ ಸುರುಳಿ ಅಂಟಿಕೊಂಡು ಬಂತು. ಅದು ಚೇಂಬರಿನ, ಅಂದರೆ ಇಂಜಿನ್ನಿನ ಹೊರಕವಚದ, ಥ್ರೆಡ್ಡು. ಪೂರ್ತಿ ನಾಲ್ಕು ಸುತ್ತು.

ಹದಿನೈದು ದಿನ ನಾನು ವಾಷರನ್ನು ಬೈದುಕೊಂಡು ತಿರುಗಿದ್ದೆ, ದೋಷ ಇದ್ದದ್ದು ಬೇರೆ ಕಡೆ. ಇದನ್ನು ಬರೆಯಲು ಕಾರಣ ಅದೇ. ಥ್ರೆಡ್ ಹೋಯ್ತು ಅಂದ ಕೂಡಲೇ ಎಲ್ಲರೂ ಡ್ರಿಲ್ ಹುಡುಕುತ್ತಾರೆ. ಏನು ಹೋಗಿದೆ, ಎಷ್ಟು ಹೋಗಿದೆ ಅಂತ ನೋಡಿದರೆ ಎಷ್ಟೋ ಸಲ ಡ್ರಿಲ್ಲೇ ಬೇಕಾಗುವುದಿಲ್ಲ.

ಮೊದಲು ಯಾವುದು ಹೋಗಿದೆ ಅಂತ ಗೊತ್ತುಮಾಡಿ

ತಿರುಗುತ್ತಲೇ ಇರುವ ಬೋಲ್ಟನ್ನು ಹೊರಗೆ ತೆಗೆಯಬೇಕು. ಅದು ತಿರುಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ತಲೆಯ ಅಡಿಗೆ ಚಪ್ಪಟೆ ಸ್ಕ್ರೂಡ್ರೈವರ್ ಸೇರಿಸಿ, ಮೆಲ್ಲಗೆ ಮೇಲಕ್ಕೆ ಎತ್ತುತ್ತಾ ತಿರುಗಿಸಿ. ಉಳಿದ ಒಂದೆರಡು ಸುತ್ತಿಗೆ ಬೋಲ್ಟು ಕಚ್ಚಿಕೊಂಡು ಮೇಲೆ ಬರುತ್ತದೆ. ಸ್ಕ್ರೂಡ್ರೈವರನ್ನು ಗ್ಯಾಸ್ಕೆಟ್ ಕೂರುವ ಜಾಗಕ್ಕೆ ತಾಗಿಸಬೇಡಿ. ಅಲ್ಲಿ ಗೀರು ಬಿದ್ದರೆ ಸೋರಿಕೆಗೆ ಇನ್ನೊಂದು ದಾರಿ ಆಗುತ್ತದೆ.

ಹೊರಗೆ ಬಂದ ಬೋಲ್ಟನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಥ್ರೆಡ್ಡಿನ ಸಂದಿಯಲ್ಲಿ ಬೆಳ್ಳಗೆ ಹೊಳೆಯುವ ಲೋಹ ತುಂಬಿದ್ದರೆ ಹೋಗಿರುವುದು ತೂತಿನ ಥ್ರೆಡ್ಡು. ಬೋಲ್ಟು ಸ್ಟೀಲು, ಚೇಂಬರ್ ಅಲ್ಯೂಮಿನಿಯಂ. ಇಬ್ಬರ ಜಗಳದಲ್ಲಿ ಯಾವಾಗಲೂ ಮೆದುವಾದದ್ದೇ ಸೋಲುವುದು. ಸಂದಿ ಖಾಲಿ ಇದ್ದು ಬೋಲ್ಟಿನ ಏಣುಗಳೇ ಮೊಂಡಾಗಿದ್ದರೆ ಅಥವಾ ವಾಲಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಬಹುಶಃ ಬೋಲ್ಟು ಬದಲಾಯಿಸಿದರೆ ಸಾಕು. ಬೋಲ್ಟಿನ ನಡು ಭಾಗ ಸಣ್ಣಗಾಗಿ ಎಳೆದ ಚಕ್ಕುಲಿಯ ಹಾಗೆ ಕಂಡರೆ ಅದು ಹಿಗ್ಗಿದೆ. ಅದನ್ನು ಮತ್ತೆ ಹಾಕಬೇಡಿ, ಒಳಗೇ ಮುರಿಯುತ್ತದೆ.

ಆಮೇಲೆ ತೂತು. ಪೆಟ್ರೋಲ್ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒಣಗಿಸಿ. ಇಂಜಿನ್ ತಣ್ಣಗಿರಲಿ, ಬೀಡಿ ಸಿಗರೇಟು ದೂರ ಇರಲಿ. ಮೊಬೈಲ್ ಟಾರ್ಚು ಓರೆಯಾಗಿ ಬಿಡಿ. ನೇರ ಬೆಳಕಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ, ಓರೆ ಬೆಳಕಿಗೆ ಏಣುಗಳ ನೆರಳು ಬೀಳುತ್ತದೆ. ನೆರಳು ಇಲ್ಲದ ನುಣುಪಾದ ಗೋಡೆ ಎಲ್ಲಿಂದ ಎಲ್ಲಿವರೆಗೆ ಇದೆ ನೋಡಿ.

ಈಗ ಆಳ ಅಳೆಯಿರಿ. ಹಿಡಿಕಡ್ಡಿ ಸಾಕು. ತೆಂಗಿನ ಗರಿಯ ಕಡ್ಡಿಯನ್ನು ತೂತಿಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರು ಒತ್ತಿ, ತೆಗೆದು ಸ್ಕೇಲಿಗೆ ಹಿಡಿಯಿರಿ. ಬೋಲ್ಟು ಎಷ್ಟು ಆಳ ಹೋಗುತ್ತಿತ್ತು ಅನ್ನುವುದನ್ನೂ ಅಳೆಯಿರಿ. ಇದಕ್ಕೆ ಬೋಲ್ಟಿನ ಪೂರ್ತಿ ಉದ್ದ ಬೇಡ, ಕವರಿನ ದಪ್ಪ ಕಳೆದು ಉಳಿದದ್ದು ಲೆಕ್ಕ. ಈ ಎರಡು ಅಳತೆಯ ನಡುವೆ ಐದಾರು ಮಿಲಿಮೀಟರ್ ವ್ಯತ್ಯಾಸ ಇದ್ದರೆ, ತಳದಲ್ಲಿ ಯಾರೂ ಮುಟ್ಟದ ಹೊಸ ಥ್ರೆಡ್ ನಿಮಗಾಗಿ ಕಾಯುತ್ತಿರಬಹುದು ಅಂತ ಅರ್ಥ.

ಕೊನೆಗೆ ಹೊಸ ಬೋಲ್ಟು ತೆಗೆದುಕೊಂಡು, ಸ್ಪಾನರ್ ಇಲ್ಲದೆ, ಬರೀ ಬೆರಳಲ್ಲಿ ಹಾಕಿ ನೋಡಿ. ಮೊದಲು ಎಡಕ್ಕೆ ತಿರುಗಿಸಿ, ಟಕ್ ಅಂತ ಒಂದು ಸಣ್ಣ ಇಳಿತ ಸಿಗುತ್ತದೆ. ಅಲ್ಲಿಂದ ಬಲಕ್ಕೆ. ಬೋಲ್ಟು ಅರ್ಧ ಹೋದ ಮೇಲೆ ತಲೆ ಹಿಡಿದು ಅಲ್ಲಾಡಿಸಿ. ಸ್ವಲ್ಪ ಆಟ ಇದ್ದರೆ ಚಿಂತೆ ಇಲ್ಲ, ಎಲ್ಲ ಬೋಲ್ಟಿಗೂ ಇರುತ್ತದೆ. ಅಲುಗಾಡುವ ಹಲ್ಲಿನ ಹಾಗೆ ಆಡಿದರೆ ಥ್ರೆಡ್ ಇಲ್ಲ. ಎರಡೇ ಸುತ್ತಿಗೆ ಗಟ್ಟಿಯಾಗಿ ನಿಂತರೆ ಬೋಲ್ಟು ಓರೆಯಾಗಿ ಕಚ್ಚಿ ಕ್ರಾಸ್ ಥ್ರೆಡ್ ಆಗಿದೆ, ಅಥವಾ ಪಿಚ್ಚೇ, ಅಂದರೆ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ಅಂತರವೇ, ಬೇರೆ.

ಥ್ರೆಡ್ ಹೋಗದೇ ಹೋದ ಹಾಗೆ ಕಾಣುವ ಮೂರು ಕೇಸು

ಮೊದಲನೆಯದು ತಪ್ಪು ಜಾಗಕ್ಕೆ ಹೋದ ಬೋಲ್ಟು. ಕ್ಲಚ್ ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದು ಕಿರಿದಾದ ತೂತಿಗೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಕವರ್ ಮಾತ್ರ ಸಡಿಲ, ಆಯಿಲ್ ಸೋರುತ್ತದೆ. ಗಿಡ್ಡದ್ದು ಉದ್ದದ ಜಾಗಕ್ಕೆ ಹೋದರೆ ಮೂರೇ ಸುತ್ತಿನಲ್ಲಿ ನೇತಾಡುತ್ತದೆ, ಬಿಗಿಯುವಾಗ ಆ ಮೂರೂ ಕಿತ್ತು ಬರುತ್ತವೆ. ನಾನು ಈಗ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರದ್ದೇ ಜಾಗದಲ್ಲಿ ಚುಚ್ಚಿ ಇಡುತ್ತೇನೆ. ಮಕ್ಕಳ ಆಟದ ಹಾಗೆ ಕಾಣುತ್ತದೆ, ಕಾಣಲಿ.

ಎರಡನೆಯದು ತೂತಿನ ತಳದಲ್ಲಿ ಉಳಿದ ಕೆಸರು ಅಥವಾ ಆಯಿಲ್. ಆಚೆ ಬದಿ ಮುಚ್ಚಿರುವ ತೂತಿನಲ್ಲಿ ದ್ರವ ತುಂಬಿದ್ದರೆ ಅದು ಒತ್ತಿ ಕುಗ್ಗುವುದಿಲ್ಲ. ಬೋಲ್ಟು ಪಿಸ್ಟನ್ನಿನ ಹಾಗೆ ಕೆಲಸ ಮಾಡುತ್ತದೆ. ಜೋರಾಗಿ ಬಿಗಿದರೆ ಚೇಂಬರೇ ಸೀಳಬಹುದು. ಬೋಲ್ಟು ಹಾಕುವ ಮೊದಲು ತೂತಿಗೆ ಗಾಳಿ ಹೊಡೆಯಿರಿ, ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪು. ಕಣ್ಣು ಪಕ್ಕಕ್ಕಿಟ್ಟುಕೊಳ್ಳಿ.

ಮೂರನೆಯದು ನಮ್ಮ ತೋಟದ ಶೆಡ್ಡುಗಳ ಸ್ವಂತ ಕಾಯಿಲೆ. ಹಾರ್ಲಿಕ್ಸ್ ಡಬ್ಬಿಯಲ್ಲಿ ಇಪ್ಪತ್ತು ವರ್ಷದ ಬೋಲ್ಟುಗಳು ಇರುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನದು, ಔಷಧಿ ಹೊಡೆಯುವ ಪಂಪಿನದು, ಹಳೇ ಜೀಪಿನದು, ಎಲ್ಲ ಒಟ್ಟಿಗೆ. ಕಾಲಿಂಚಿನ ಬೋಲ್ಟು ನೋಡಲು 6 ಎಂಎಂ ಥರವೇ ಇರುತ್ತದೆ. ಅದು 6.35 ಎಂಎಂ, ಇಂಚಿಗೆ 20 ಸುತ್ತು, ಅಂದರೆ ಪಿಚ್ 1.27. ಬೈಕಿನ ಎಂ6 (6 ಎಂಎಂ ದಪ್ಪದ) ಬೋಲ್ಟಿನ ಪಿಚ್ 1 ಎಂಎಂ. ಒತ್ತಾಯ ಮಾಡಿದರೆ ಹೋಗುತ್ತದೆ, ಹೋಗುವಾಗ ತೂತನ್ನು ಹಾಳುಮಾಡಿಕೊಂಡೇ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 10 ಎಂಎಂ ಬೋಲ್ಟು ಕೇಳಿದಾಗಲೂ ಇದೇ ಕತೆ. ಅವರು ಕೊಡುವುದು ಸಾಮಾನ್ಯವಾಗಿ 1.5 ಪಿಚ್ಚಿನದು, ಬೈಕಿನಲ್ಲಿ ಹೆಚ್ಚಾಗಿ ಇರುವುದು 1.25. ಹಳೇ ಬೋಲ್ಟನ್ನೂ ಹೊಸದನ್ನೂ ಪಕ್ಕ ಪಕ್ಕ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ವಾಪಸ್ ಕೊಡಿ.

ಇನ್ನು ಮಡ್‌ಗಾರ್ಡು, ಪ್ಲಾಸ್ಟಿಕ್ ಪ್ಯಾನೆಲ್ಲಿನ ಬೋಲ್ಟು ತಿರುಗುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಿಂದೆ ಒಂದು ತಗಡಿನ ಕ್ಲಿಪ್ ನಟ್ ಇರುತ್ತದೆ. ಅದನ್ನು ಎಳೆದು ಹೊಸದು ಸಿಕ್ಕಿಸಿ.

ಯಾಕೆ ಹೋಗುತ್ತದೆ

ಒಂದು ಲೆಕ್ಕ ಹೇಳುತ್ತೇನೆ. ಇಂಜಿನ್ ಕವರಿನ ಎಂ6 ಬೋಲ್ಟಿಗೆ ಸಾಮಾನ್ಯವಾಗಿ ಬೇಕಿರುವ ಬಿಗಿ 10 ನ್ಯೂಟನ್ ಮೀಟರ್ ಆಸುಪಾಸು. 20 ಸೆಂಟಿಮೀಟರ್ ಉದ್ದದ ಹಿಡಿಗೆ ಅದು ಹತ್ತಿರ ಹತ್ತಿರ 5 ಕಿಲೋ ಎಳೆತ. 30 ಸೆಂಟಿಮೀಟರ್ ರ‍್ಯಾಚೆಟ್ಟಿಗೆ ಮೂರೂವರೆ ಕಿಲೋ ಕೂಡ ಬೇಡ. ಒಂದು ಸಣ್ಣ ಹಲಸಿನಕಾಯಿ ಎತ್ತುವಷ್ಟು. ನಾವು ತೋಟದ ಕೈಗಳು, ಅದೇ ರ‍್ಯಾಚೆಟ್ಟಿನಲ್ಲಿ ಸುಮ್ನೆ ಎಳೆದರೂ 15 ಕಿಲೋ ಬೀಳುತ್ತದೆ. ಅಂದರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಅದಕ್ಕೇ ಎಂ6 ಬೋಲ್ಟುಗಳಿಗೆ ನಾನು ರ‍್ಯಾಚೆಟ್ ಮುಟ್ಟುವುದೇ ಬಿಟ್ಟೆ. ಗಿಡ್ಡ ಟಿ ಸ್ಪಾನರ್, ಎರಡು ಬೆರಳು, ಹೆಬ್ಬೆರಳು. ಟಾರ್ಕ್ ರೆಂಚ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಕಾರಿನ ಚಕ್ರಕ್ಕೆ ಬಳಸುವ ದೊಡ್ಡದನ್ನು ಇಲ್ಲಿ ತರಬೇಡಿ. 10 ನ್ಯೂಟನ್ ಮೀಟರಿಗೆ ಅದು ಕ್ಲಿಕ್ ಅನ್ನುವುದೇ ಇಲ್ಲ.

ಎರಡನೇ ಕಾರಣ ನಮ್ಮ ಮಳೆ. ಸ್ಟೀಲೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ಮುಟ್ಟಿಕೊಂಡು ಒದ್ದೆಯಲ್ಲಿ ಕೂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಉಬ್ಬಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಹಳ್ಳ ದಾಟಿಸಿದ ಬೈಕಿನ ಬೋಲ್ಟು ನವೆಂಬರಿನಲ್ಲಿ ಬಿಚ್ಚುವಾಗ ಕಿರ್ ಅನ್ನುವುದು ಇದಕ್ಕೇ. ಕಿರ್ ಅಂದರೆ ನಿಲ್ಲಿಸಿ. ಹಾಗೇ ಎಳೆದರೆ ಥ್ರೆಡ್ಡನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೂರು ಬಿಸಿ ಮಾಡಿ, ನೀರಿನ ಹನಿ ಹಾಕಿದರೆ ಚುರ್ ಅನ್ನುವಷ್ಟು. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ತೂತು ಬೋಲ್ಟಿನ ಹಿಡಿತ ಬಿಡುತ್ತದೆ. ಬಿಸಿ ಮಾಡುವ ಮೊದಲು ಎಣ್ಣೆ ಒರೆಸಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಇದನ್ನು ಹೇಳಬೇಕಾ ಅನ್ನಿಸಬಹುದು. ಹೇಳಬೇಕು.

ಆಮೇಲೆ ಹಿಂದಕ್ಕೆ ಮುಂದಕ್ಕೆ ಕಾಲು ಕಾಲು ಸುತ್ತು ಆಡಿಸುತ್ತಾ ತೆಗೆಯಿರಿ. ಹಿತ್ತಲ ಬಾಗಿಲ ಚಿಲಕ ಬಿಡಿಸುವ ಹಾಗೆ, ಒಂದೇ ಎಳೆತಕ್ಕಲ್ಲ.

ರಿಪೇರಿ, ಸುಲಭದ್ದು ಮೊದಲು

ಏಣುಗಳು ವಾಲಿವೆ ಅಷ್ಟೇ, ಲೋಹ ಕಿತ್ತು ಬಂದಿಲ್ಲ ಅನ್ನುವ ಹಾಗಿದ್ದರೆ ಥ್ರೆಡ್ ಸ್ವಚ್ಛ ಮಾಡಿದರೆ ಸಾಕು. ಇದಕ್ಕೆ ಥ್ರೆಡ್ ಕೊಯ್ಯುವ ಟ್ಯಾಪ್ ಬೇಕೆಂದಿಲ್ಲ. ಅದೇ ಅಳತೆಯ ಒಳ್ಳೆಯ ಬೋಲ್ಟಿನ ತುದಿಯಲ್ಲಿ, ಥ್ರೆಡ್ಡಿಗೆ ಅಡ್ಡವಾಗಿ ಉದ್ದಕ್ಕೆ, ಹ್ಯಾಕ್ಸಾ ಬ್ಲೇಡಿನಿಂದ ಎರಡು ಗೀಟು ಕೊಯ್ಯಿರಿ. ಅಂಚಿನ ಚೂಪು ಅರದಿಂದ ತೆಗೆದು, ಸೀಮೆಎಣ್ಣೆ ಹಚ್ಚಿ, ಬೆರಳಲ್ಲೇ ಶುರುಮಾಡಿ ಒಳಗೆ ಬಿಡಿ. ಗೀಟಿನಲ್ಲಿ ಕಸ ತುಂಬಿಕೊಂಡು ಬರುತ್ತದೆ. ನಿಜವಾದ ಟ್ಯಾಪು ಹೊಸ ಲೋಹ ಕೊಯ್ಯುತ್ತದೆ, ಇದು ಇರುವುದನ್ನು ಸರಿಮಾಡುತ್ತದೆ. ಸವೆದ ಥ್ರೆಡ್ಡಿಗೆ ಟ್ಯಾಪು ಹಾಕಿ ಇನ್ನಷ್ಟು ತೆಳ್ಳಗೆ ಮಾಡುವುದಕ್ಕಿಂತ ಇದು ವಾಸಿ.

ಮೇಲಿನ ಸುತ್ತುಗಳು ಹೋಗಿ ತಳದಲ್ಲಿ ಉಳಿದಿದ್ದರೆ ಉದ್ದದ ಬೋಲ್ಟು. ಹಿಡಿಕಡ್ಡಿ ಅಳತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಥ್ರೆಡ್ ಹಿಡಿತ ಇರಬೇಕು. ಎಂ6 ಅಂದರೆ 9 ಎಂಎಂ. ಅಷ್ಟು ಒಳ್ಳೆಯ ಥ್ರೆಡ್ ಉಳಿದಿದೆಯಾ, ಹಾಕಿ, ಕೆಲಸ ಮುಗಿಯಿತು. ನಾಲ್ಕೇ ಎಂಎಂ ಉಳಿದಿದ್ದರೆ ಆಸೆ ಬಿಡಿ. ಉದ್ದದ ಬೋಲ್ಟು ತಳ ಮುಟ್ಟುವ ಮೊದಲು ತಲೆ ಕೂರಬೇಕು, ಒಂದು ಎಂಎಂ ಜಾಗ ಉಳಿದಿರಲಿ. ಮುಟ್ಟಿದರೆ ತುದಿ ಉಜ್ಜಿ ಗಿಡ್ಡ ಮಾಡಿ.

ಇವೆರಡೂ ಆಗದಿದ್ದರೆ ಸುರುಳಿ. ಹೆಲಿಕಾಯಿಲ್ ಅಂತ ಕರೆಯುವ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸ್ಪ್ರಿಂಗು. ಸಣ್ಣ ಬೋಲ್ಟುಗಳಿಗೆ ನನ್ನ ಮತ ಇದಕ್ಕೇ. ಸುಮ್ನೆ ದೊಡ್ಡ ಬೋಲ್ಟು ಹಾಕುವ ಅಭ್ಯಾಸ ಎಷ್ಟೋ ಕಡೆ ಇದೆ, ಎಂ6 ಹೋದರೆ ಎಂ8 ಟ್ಯಾಪ್ ಹೊಡೆದುಬಿಡುತ್ತಾರೆ. ಆಗ ಕವರಿನ ತೂತೂ ದೊಡ್ಡದು ಮಾಡಬೇಕು, ಸುತ್ತಲಿನ ಗೋಡೆ ತೆಳ್ಳಗಾಗುತ್ತದೆ, ಮುಂದಿನ ಸಲ ಹೋದರೆ ಮಾಡಲು ಏನೂ ಉಳಿದಿರುವುದಿಲ್ಲ. ಸುರುಳಿ ಹಾಕಿದರೆ ಬೋಲ್ಟು ಅದೇ ಅಳತೆ, ಮತ್ತು ಸ್ಟೀಲಿನ ಥ್ರೆಡ್ ಆದ್ದರಿಂದ ಮೊದಲಿಗಿಂತ ಗಟ್ಟಿ.

ಇದರ ಕಿಟ್ಟಿನಲ್ಲಿ ಡ್ರಿಲ್ ಬಿಟ್, ಅದಕ್ಕೆಂದೇ ಇರುವ ಟ್ಯಾಪ್, ಸುರುಳಿಗಳು, ಕೂರಿಸುವ ಕೋಲು ಇರುತ್ತವೆ. ಎಂ6ಕ್ಕೆ ಬಿಟ್ 6.3 ಎಂಎಂ, ಎಂ8ಕ್ಕೆ 8.3, ಎಂ10ರ 1.25 ಪಿಚ್ಚಿಗೆ 10.3. ಟ್ಯಾಪು ಮಾಮೂಲಿಯದಲ್ಲ, ಹೊರಗಿನ ಅಳತೆ ದೊಡ್ಡದು, ಪಿಚ್ ಅದೇ. ಬೇರೆ ಕಿಟ್ಟಿನದನ್ನು ಬೆರೆಸಬೇಡಿ.

ಇಲ್ಲಿ ಎಲ್ಲರೂ ಎಡವುವುದು ಡ್ರಿಲ್ ನೇರ ಹಿಡಿಯುವುದರಲ್ಲಿ. ಕೈಯಲ್ಲಿ ಹಿಡಿದ ಡ್ರಿಲ್ ವಾಲುತ್ತದೆ, ವಾಲಿದ್ದು ನಮಗೆ ಗೊತ್ತಾಗುವುದಿಲ್ಲ. ನಾನು ಕಂಡುಕೊಂಡ ಉಪಾಯ ಇದು. ಸಿಲ್ವರ್ ಓಕಿನ ಒಂದು ತುಂಡು, ನಾಲ್ಕು ಸೆಂಟಿಮೀಟರ್ ದಪ್ಪ, ಎರಡು ಮುಖ ಸಮ ಉಜ್ಜಿದ್ದು. ಅದಕ್ಕೆ ಲೇತ್ ಅಂಗಡಿಯ ನಿಂತ ಡ್ರಿಲ್ಲಿನಲ್ಲಿ ನೇರ 6.3ರ ಒಂದು ತೂತು ಹೊಡೆಸಿಕೊಂಡೆ. ಅದನ್ನು ಚೇಂಬರಿನ ಮುಖದ ಮೇಲೆ ತೂತಿಗೆ ತೂತು ಸೇರಿಸಿ ಅಮುಕಿ ಹಿಡಿದರೆ ಬಿಟ್ ಅದರೊಳಗಿಂದ ನೇರವಾಗಿಯೇ ಇಳಿಯಬೇಕು. ಮರದ ತುಂಡು ಐದಾರು ತೂತಿಗೆ ಸವೆಯುತ್ತದೆ. ತೋಟದಲ್ಲಿ ಸಿಲ್ವರ್ ಓಕಿಗೇನು ಬರವೇ.

ಬಿಟ್ಟಿಗೆ ಆಳದ ಗುರುತು ಟೇಪು ಸುತ್ತಿ. ನಿಧಾನ ತಿರುಗಿಸಿ, ಸೀಮೆಎಣ್ಣೆ ಹಾಕುತ್ತಾ ಇರಿ. ಒಣಗಿದರೆ ಅಲ್ಯೂಮಿನಿಯಂ ಬಿಟ್ಟಿಗೆ ಅಂಟಿಕೊಂಡು ತೂತು ಒರಟಾಗುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಆಗುತ್ತದೆ. ಆಮೇಲೆ ಟ್ಯಾಪ್. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ಬರುವಾಗ ಚಿಟ್ ಅನ್ನುವ ಸಣ್ಣ ಸದ್ದು ಬರುತ್ತದೆ, ಚೂರು ತುಂಡಾದ ಸದ್ದು ಅದು. ಆ ಸದ್ದಿಲ್ಲದೆ ಮುಂದೆ ಹೋಗಬೇಡಿ. ಟ್ಯಾಪು ಮುರಿದು ಒಳಗೆ ಕೂತರೆ ಬೋಲ್ಟು ಮುರಿದದ್ದಕ್ಕಿಂತ ಹತ್ತು ಪಟ್ಟು ಕಷ್ಟ. ಅದು ಎಷ್ಟು ಗಟ್ಟಿ ಅಂದರೆ ಮಾಮೂಲಿ ಡ್ರಿಲ್ ಅದರ ಮೇಲೆ ಜಾರುತ್ತದೆ.

ತೂತನ್ನು ತೊಳೆದು, ಗಾಳಿ ಹೊಡೆದು, ಸುರುಳಿಯನ್ನು ಕೋಲಿಗೆ ಸಿಕ್ಕಿಸಿ. ಸುರುಳಿ ತೂತಿಗಿಂತ ಚೂರು ದಪ್ಪ ಇರುತ್ತದೆ, ಸುತ್ತುವಾಗ ಕುಗ್ಗಿ ಒಳಗೆ ಹೋಗಿ ಅಲ್ಲಿ ಹಿಗ್ಗಿ ಕೂರುತ್ತದೆ. ಹಾಗಾಗಿ ಅಂಟು ಬೇಕಿಲ್ಲ. ಕೋಲನ್ನು ಅಮುಕಬೇಡಿ, ಸುಮ್ನೆ ತಿರುಗಿಸಿ, ಅದೇ ಎಳೆದುಕೊಂಡು ಹೋಗುತ್ತದೆ. ಅಮುಕಿದರೆ ಒಂದು ಸುತ್ತು ಹಾರಿ ಅಡ್ಡ ಕೂರುತ್ತದೆ. ಬಾಯಿಗಿಂತ ಅರ್ಧ ಸುತ್ತು ಕೆಳಗೆ ನಿಲ್ಲಿಸಿ. ತುದಿಯಲ್ಲಿ ಅಡ್ಡ ನಾಲಿಗೆ ಇರುತ್ತದೆ, ಅದನ್ನು ಸಣ್ಣ ಪಂಚಿಟ್ಟು ಒಂದೇ ಏಟಿಗೆ ಮುರಿದು ತೆಗೆಯಬೇಕು.

ಡ್ರೈನ್ ಬೋಲ್ಟಿಗೆ ಬೇರೆ ಲೆಕ್ಕ

ನನ್ನ ಡ್ರೈನ್ ಬೋಲ್ಟು ಎಂ12, ಪಿಚ್ 1.5. ಇದಕ್ಕೆ ನಾನು ಸುರುಳಿ ಹಾಕಲಿಲ್ಲ. ಪ್ರತಿ ಆಯಿಲ್ ಬದಲಾವಣೆಗೂ ಬಿಚ್ಚುವ ಬೋಲ್ಟು ಅದು, ಒಂದಲ್ಲ ಒಂದು ದಿನ ಸುರುಳಿಯೂ ಬೋಲ್ಟಿನ ಜೊತೆ ಹೊರಟು ಬರುತ್ತದೆ. ಚಿಕ್ಕಮಗಳೂರಿನ ಒಂದು ಲೇತ್ ಅಂಗಡಿಗೆ ಹೋಗಿ ಬುಷ್, ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಕೊಳವೆ, ಮಾಡಿಸಿದೆ. ಹೊರಗೆ ಎಂ16, ಒಳಗೆ ಎಂ12, ಸ್ಟೀಲಿನದು. ಲೇತಿನ ಹಿರಿಯರು ಬೋಲ್ಟನ್ನೂ ವಾಷರನ್ನೂ ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. ವಾಷರಿನ ಹೊರ ಅಳತೆ ಎಷ್ಟು? ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ವಾಷರು ಬುಷ್ಷಿಗಿಂತ ಅಗಲ ಇದ್ದು ಚೇಂಬರಿನ ಮುಖದ ಮೇಲೇ ಕೂರಬೇಕು. ಬುಷ್ಷಿನ ಮೇಲೆ ಮಾತ್ರ ಕೂತರೆ ಆಯಿಲ್ ಬುಷ್ಷಿನ ಹೊರಗಿನ ಥ್ರೆಡ್ ಹಿಡಿದು ಇಳಿದು ಬರುತ್ತದೆ. ಹೊಸ ಥ್ರೆಡ್, ಹೊಸ ವಾಷರ್, ಆದರೂ ಅದೇ ಕಲೆ. ಈ ಒಂದು ಮಾತಿಗೇ ನಾನು ಅವರಿಗೆ ಋಣಿ.

ಚೇಂಬರಿನ ತೂತು 14.5 ಎಂಎಂಗೆ ದೊಡ್ಡದು ಮಾಡಿ ಎಂ16, ಪಿಚ್ 1.5ರ ಟ್ಯಾಪ್ ಹೊಡೆದದ್ದು. ಅದಕ್ಕೂ ಮೊದಲು ಸುತ್ತಲಿನ ಗೋಡೆ ಸಾಕಷ್ಟು ದಪ್ಪ ಇದೆಯಾ ಅಳೆಯಬೇಕು. ಎಲ್ಲ ಇಂಜಿನ್ನಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಮಾಡಿಸಿ ಹೊಸದಾಗಿ ತೂತು ಹೊಡೆಸಬೇಕು. ಅದು ಇಂಜಿನ್ ಇಳಿಸಿ ಮಾಡುವ ಕೆಲಸ.

ಇಲ್ಲಿ ದೊಡ್ಡ ಭಯ ಚೂರುಗಳದು. ಕೊಯ್ದ ಅಲ್ಯೂಮಿನಿಯಂ ಇಂಜಿನ್ನಿನ ಒಳಗೆ ಬಿದ್ದರೆ ಆಯಿಲ್ ಪಂಪಿಗೆ ಹೋಗುತ್ತದೆ. ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಟ್ಯಾಪಿನ ಉದ್ದ ಗೀಟುಗಳಿಗೆ ಗ್ರೀಸ್ ಮೆತ್ತಿ, ಒಂದೊಂದು ಸುತ್ತಿಗೂ ಹೊರಗೆ ತೆಗೆದು ಒರೆಸಿ, ಮತ್ತೆ ಮೆತ್ತಿ. ಬೇಜಾರಿನ ಕೆಲಸ, ನಮಗೆ ಒಂದು ಗಂಟೆ ಹಿಡಿಯಿತು. ಮುಗಿದ ಮೇಲೆ ಆಯಿಲ್ ಹಾಕುವ ಬಾಯಿಂದ ಅರ್ಧ ಲೀಟರ್ ಅಗ್ಗದ ಆಯಿಲ್ ಸುರಿದು ಕೆಳಗೆ ಬಿಳಿ ಬಟ್ಟೆಯ ಮೇಲೆ ಹರಿಯಬಿಟ್ಟೆವು. ಇಂಜಿನ್ ಸ್ಟಾರ್ಟ್ ಮಾಡದೆ. ಮೊದಲ ಸಲ ಮೂರು ಚೂರು ಬಂದವು, ಎರಡನೇ ಸಲ ಒಂದು, ಮೂರನೇ ಸಲ ಬಟ್ಟೆ ಸ್ವಚ್ಛ. ಬುಷ್ಷನ್ನೂ ತೂತನ್ನೂ ಜಿಡ್ಡಿಲ್ಲದ ಹಾಗೆ ತೊಳೆದು, ಥ್ರೆಡ್ ಸಡಿಲವಾಗದ ಹಾಗೆ ಹಿಡಿಯುವ ಅಂಟು, ಕೆಂಪು ಥ್ರೆಡ್ ಲಾಕರ್, ಹಚ್ಚಿ ಕೂರಿಸಿದೆವು. ಒಂದು ದಿನ ಪೂರ್ತಿ ಬಿಟ್ಟು ಆಮೇಲೆ ಆಯಿಲ್ ಹಾಕಿದ್ದು.

ಮುರಿದ ಬೋಲ್ಟು, ರೌಂಡ್ ಆದ ತಲೆ

ಬೋಲ್ಟು ಒಳಗೆ ಮುರಿದರೆ ಚೂರು ಹೊರಗೆ ಚಾಚಿದೆಯಾ ನೋಡಿ. ಚಾಚಿದ್ದರೆ ಬಿಸಿ, ಎಣ್ಣೆ, ಲಾಕಿಂಗ್ ಪ್ಲೈಯರ್. ಮಟ್ಟಸವಾಗಿ ಮುರಿದಿದ್ದರೆ ಮೇಲೊಂದು ನಟ್ ಇಟ್ಟು ನಟ್ಟಿನ ತೂತಿನ ಒಳಗಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಬಿಸಿಗೇ ಅರ್ಧ ಕೆಲಸ ಆಗಿರುತ್ತದೆ. ಬ್ಯಾಟರಿ ವೈರು ಬಿಚ್ಚಿರಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದೂ ಚೆನ್ನ, ಕೊರೆಯುತ್ತಾ ಕೊರೆಯುತ್ತಾ ಚೂರು ತಾನೇ ಬಿಚ್ಚಿಕೊಂಡು ಬರುವುದುಂಟು. ಮುರಿದ ಬೋಲ್ಟು ತೆಗೆಯಲೆಂದೇ ಸಿಗುವ ಚೂಪು ತುದಿಯ ಈಜಿ ಔಟ್ ಮಾತ್ರ ಎಂ6ಕ್ಕೆ ನಾನು ಬಳಸುವುದಿಲ್ಲ. ಅದು ಮುರಿದರೆ ಮುರಿದ ಟ್ಯಾಪಿನದೇ ಗತಿ.

ತಲೆ ರೌಂಡ್ ಆಗಿದ್ದರೆ ಆರು ಮೂಲೆಯ ಸಾಕೆಟ್ಟನ್ನು, ಚೂರು ಸಣ್ಣದಾದರೂ ಸರಿ, ಸುತ್ತಿಗೆಯಿಂದ ತಟ್ಟಿ ಕೂರಿಸಿ. ಹನ್ನೆರಡು ಮೂಲೆಯದು ಜಾರುತ್ತದೆ. ಎಸ್ಟೇಟುಗಳಲ್ಲಿ ಈಗಲೂ ಓಡುತ್ತಿರುವ ಹಳೇ ಆರ್‌ಎಕ್ಸ್ 100ಗಳ ಕವರಿನಲ್ಲಿ ಪ್ಲಸ್ ಸ್ಕ್ರೂಗಳಿವೆ. ಜಪಾನಿ ಪ್ಲಸ್ಸಿಗೂ ನಮ್ಮ ಅಂಗಡಿಯ ಫಿಲಿಪ್ಸ್ ಸ್ಕ್ರೂಡ್ರೈವರಿಗೂ ಆಕಾರದಲ್ಲಿ ಸಣ್ಣ ವ್ಯತ್ಯಾಸ ಇದೆ, ಅದಕ್ಕೇ ಅದು ಮೇಲೆ ಎದ್ದು ತಲೆ ಹಾಳುಮಾಡುತ್ತದೆ. ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತೆಗೆದುಕೊಳ್ಳಿ. ಬಿಚ್ಚಿದ ಮೇಲೆ ಅಲೆನ್ ಬೋಲ್ಟು ಹಾಕಿಬಿಡಿ.

ನಾನು ಕೈ ಹಾಕದ ಜಾಗಗಳು

ಬ್ರೇಕ್ ಕ್ಯಾಲಿಪರ್ ಕೂರುವ ಬೋಲ್ಟು, ಮುಂದಿನ ಆಕ್ಸಲ್ಲನ್ನು ಫೋರ್ಕಿನ ತಳದಲ್ಲಿ ಹಿಡಿಯುವ ಬೋಲ್ಟು, ಹ್ಯಾಂಡಲ್ ಕ್ಲಾಂಪು, ಬ್ರೇಕ್ ಹೋಸಿನ ಬ್ಯಾಂಜೋ ಬೋಲ್ಟು. ಇಲ್ಲೂ ಸುರುಳಿ ಹಾಕಬಹುದು, ಸರಿಯಾಗಿ ಹಾಕಿದರೆ ಗಟ್ಟಿಯೂ ಇರುತ್ತದೆ. ಆದರೆ ಕಣದಲ್ಲಿ ಕೂತು ಮರದ ತುಂಡು ಹಿಡಿದು ಅಲ್ಲ. ಚಾರ್ಮಾಡಿ ಇಳಿಯುವಾಗ ಆ ತೂತು ನೇರ ಇತ್ತಾ ಅನ್ನುವ ಸಂಶಯ ಬೇಡ. ಬಿಡಿಭಾಗ ಬಿಚ್ಚಿ ಯಂತ್ರದ ಮೇಲೆ ಮಾಡಿಸಿ, ಇಲ್ಲದಿದ್ದರೆ ಭಾಗವನ್ನೇ ಬದಲಾಯಿಸಿ. ಸ್ಪಾರ್ಕ್ ಪ್ಲಗ್ಗಿನ ತೂತು ಹೋದರೆ ಹೆಡ್ ಬಿಚ್ಚಿ ಬುಷ್ ಹಾಕಿಸಿ. ಹೆಡ್ ಮೇಲೇ ಇಟ್ಟು ಕೊರೆದರೆ ಚೂರು ಬೀಳುವುದು ನೇರ ಸಿಲಿಂಡರಿಗೆ.

ದಾರಿಯಲ್ಲಿ ಆದರೆ

ಕೆಮ್ಮಣ್ಣುಗುಂಡಿ ಕಡೆಯ ಕಲ್ಲು ದಾರಿಯಲ್ಲಿ ಕವರಿನ ಬೋಲ್ಟು ಉದುರಿ ಥ್ರೆಡ್ ಹೋಗಿದೆ ಅಂದರೆ, ವೈರಿನ ಒಳಗಿನ ತಾಮ್ರದ ಒಂದೆರಡು ಎಳೆ ತೆಗೆದು ತೂತಿನ ಗೋಡೆಗೆ ಉದ್ದಕ್ಕೆ ಇಟ್ಟು, ಅದರ ಜೊತೆ ಬೋಲ್ಟು ಬಿಡಿ. ಮನೆ ಮುಟ್ಟುವಷ್ಟು ಹಿಡಿಯುತ್ತದೆ. ಡ್ರೈನ್ ಬೋಲ್ಟಿಗೆ ಟೆಫ್ಲಾನ್ ಟೇಪು ಸುತ್ತಿ ಹಾಕಿ, ಹೊರಗೆ ಎಪಾಕ್ಸಿ ಪುಟ್ಟಿ ಮೆತ್ತಿ, ಅದು ಗಟ್ಟಿಯಾಗುವ ತನಕ ಕಾದು ಹೊರಡಿ. ನಡುವೆ ಎರಡು ಸಲ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಪುಟ್ಟಿ ಹಚ್ಚಿದ್ದನ್ನೇ ಖಾಯಂ ಮಾಡಿಕೊಂಡವರನ್ನು ನೋಡಿದ್ದೇನೆ. ಮುಂದಿನ ಆಯಿಲ್ ಬದಲಾವಣೆಗೆ ಉಳಿಯಲ್ಲಿ ಕೆತ್ತುತ್ತಾ ಕೂರುತ್ತಾರೆ.

ರಿಪೇರಿ ಆದ ಬೋಲ್ಟಿನ ತಲೆಗೂ ಕವರಿಗೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಐವತ್ತು ಕಿಲೋಮೀಟರ್ ಓಡಿಸಿ ನೋಡಿ. ಗೆರೆ ತುಂಡಾಗಿದ್ದರೆ ಬೋಲ್ಟು ತಿರುಗಿದೆ. ನನ್ನ ಬೈಕಿನ ಗೆರೆ ಇನ್ನೂ ನೇರ ಇದೆ. ಅಡಿಯಲ್ಲಿ ಹಾಸಿದ ರಟ್ಟೂ ಸ್ವಚ್ಛ ಇದೆ, ಬೆಕ್ಕು ಅದರ ಮೇಲೆ ಮಲಗಲು ಶುರುಮಾಡಿದೆ.